ಬಿರುಕಿಲ್ಲದ ಮನೆ

ಈ ಸಂಗತಿ ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ. ಆ ಮನೆಯಲ್ಲಿ ಯಾರು ಸತ್ತಿದ್ದರು? ಯಾರೂ ಅಕಾಲದಲ್ಲಿ ಸತ್ತಿರಲಿಲ್ಲ. ಅಕ್ಕಪಕ್ಕದವರ ಹತ್ತಿರ, ಮನೆಯ ಹಳೆಯ ಕ್ರಯಪತ್ರಗಳಲ್ಲಿ, ಎಲ್ಲ ಕಡೆ ನಾನೇ ವಿಚಾರಿಸಿದ್ದೇನೆ. ನೇಣು ಹಾಕಿಕೊಂಡವರಿಲ್ಲ, ಬಾವಿಗೆ ಹಾರಿದವರಿಲ್ಲ, ಬಿಳಿ ಸೀರೆ ಉಟ್ಟು ಓಡಾಡುವವಳೂ ಇಲ್ಲ. ಹಾಗೇನಾದರೂ ಇದ್ದಿದ್ದರೆ ಊರಿನಿಂದ ಭಟ್ಟರನ್ನು ಕರೆಸಿ ಒಂದು ಹೋಮ ಮಾಡಿಸಿ ಸುಮ್ಮನಾಗುತ್ತಿದ್ದೆ.

ನಾನು ಕಾಸರಗೋಡಿನವಳು, ಹೆಸರು ವಸಂತಿ. ಕೊಚ್ಚಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ. ನಮ್ಮ ಊರ ಕಡೆಯ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ಮಾಡಿ, ಪ್ರತಿ ಪುಟದ ಕೆಳಗೆ ‘ಮೂಲದಲ್ಲಿ ಇದ್ದದ್ದೇ ಇದು, ಏನನ್ನೂ ಕೂಡಿಸಿಲ್ಲ’ ಎಂದು ಬರೆದು ಸಹಿ ಹಾಕುತ್ತೇನೆ. ಹೊಟ್ಟೆಪಾಡೇ ಅದು. ಈಗ ಹೇಳುವುದಕ್ಕೂ ಹಾಗೇ ಸಹಿ ಹಾಕಲು ತಯಾರಿದ್ದೇನೆ. ನಂಬದವರು ಒಂದು ರಾತ್ರಿ ನಮ್ಮ ಮನೆಗೆ ಬಂದು, ಮಗಳ ಕೋಣೆಯ ಹೊರಗೆ ಸ್ವಲ್ಪ ಹೊತ್ತು ನಿಲ್ಲಲಿ.

ಮೊದಲಿನಿಂದ ಹೇಳುತ್ತೇನೆ.

ಆಗ ನಾವಿದ್ದದ್ದು ಎರ್ನಾಕುಳಂನ ಒಂದು ಬಾಡಿಗೆ ಮನೆಯಲ್ಲಿ. ನೆಲಮಹಡಿ. ಗೋಡೆಗಳು ವರ್ಷವಿಡೀ ಬೆವರುತ್ತಿದ್ದವು. ಕಪಾಟಿನಲ್ಲಿಟ್ಟ ಬಟ್ಟೆಗೆ ಬೂಸ್ಟು, ಚಾಪೆಗೆ ಬೂಸ್ಟು. ಮಗಳು ಪುಟ್ಟಿಗೆ ಆಗ ಆರು ವರ್ಷ, ಹಾಲುಗಲ್ಲದ ಕಾಲದಿಂದಲೇ ದಮ್ಮು. ರಾತ್ರಿಯೆಲ್ಲ ಅವಳ ಎದೆಯಿಂದ ಸುಯ್... ಸುಯ್... ಎಂಬ ಸದ್ದು. ನಾನು ಕತ್ತಲಲ್ಲಿ ಎದ್ದು ಕುಳಿತು ಅದನ್ನೇ ಕೇಳುತ್ತಿದ್ದೆ. ಸದ್ದು ಜೋರಾದರೆ ಭಯ, ನಿಂತರೆ ಇನ್ನೂ ಭಯ. ಒಂದು ಸಲ ಅವಳ ತುಟಿ ನೀಲಿಯಾಗಿ, ಆಟೋದಲ್ಲಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು, ಮಗುವಿಗೆ ಔಷಧಿ ನಾನು ಕೊಡುತ್ತೇನೆ, ನಿಮ್ಮ ಗೋಡೆಗೆ ಕೊಡಲಾರೆ, ಮುಂದಿನ ಮಳೆಗಾಲಕ್ಕೆ ಮೊದಲು ಒಣಗಿದ ಮನೆಗೆ ಹೋಗಿ ಎಂದು.

ಹೀಗೆ ಹುಡುಕುತ್ತಾ ಸಿಕ್ಕಿದ್ದು ಆಲುವದ ಆ ಮನೆ. ಎತ್ತರದ ಜಾಗ, ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಮೂರು ಕಡೆಯಿಂದಲೂ ಬಿಸಿಲು. ಮನೆಯ ಯಜಮಾನ ಗಲ್ಫಿನಲ್ಲಿದ್ದ. ಬೀಗದ ಕೈ ಇದ್ದದ್ದು ಜೋಯ್ ಎಂಬ ಬ್ರೋಕರನ ಹತ್ತಿರ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನೂ ನನ್ನ ಗಂಡ ಸದಾಶಿವರೂ ಒಂದು ಮಧ್ಯಾಹ್ನ ನೋಡಲು ಹೋದೆವು.

ಇಲ್ಲಿ ನಮ್ಮ ಒಂದು ಚಾಳಿಯ ಬಗ್ಗೆ ಹೇಳಬೇಕು. ಕೇರಳದ ಒಳಗೆ ಬಂದು ನೆಲೆಸಿದ ನಮ್ಮಂಥ ಕನ್ನಡದವರೆಲ್ಲರಿಗೂ ಇರುವ ಚಾಳಿ ಇದು. ಮೀನು ಮಾರ್ಕೆಟಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಯಾರದೋ ಮನೆಯ ಸೋಫಾದ ಮೇಲೆ ಕುಳಿತು ಕೂಡ, ಎದುರಿಗಿದ್ದವರ ಮುಖ ನೋಡಿಕೊಂಡೇ ಕನ್ನಡದಲ್ಲಿ ಅವರ ಬಗ್ಗೆ ಮಾತಾಡಿಕೊಳ್ಳುತ್ತೇವೆ. ಯಾರಿಗೆ ಅರ್ಥವಾಗಬೇಕು? ಪಿಸುಗುಡುವ ಗೋಜೂ ಇಲ್ಲ. ಅವತ್ತೂ ಅದನ್ನೇ ಮಾಡಿದೆವು. ಜೋಯ್ ಪಕ್ಕದಲ್ಲೇ ನಗುತ್ತಾ ನಿಂತಿದ್ದ, ನಾವು ಮನೆಯ ಜನ್ಮ ಜಾಲಾಡುತ್ತಿದ್ದೆವು.

“ಈ ಮೂಡು ಕೋಣೆಯ ಬಿರುಕು ನೋಡಿ. ನನ್ನ ಕಿರುಬೆರಳು ಹೋಗ್ತದೆ,” ಅಂದೆ ನಾನು.

“ಅದು ಬಿಡು. ಅಡಿಗೆ ಕೋಣೆಯ ಗೋಡೆಯ ಬುಡ ನೋಡು, ಪಸೆ ಹತ್ತಿದೆ. ಪುಟ್ಟಿಗೆ ಇಷ್ಟು ಸಾಕು,” ಅಂದರು ಇವರು.

“ಬಾಗಿಲು ಬೇರೆ ನೆಲಕ್ಕೆ ಉಜ್ಜುತ್ತದೆ. ವಾಸನೆ ಬಂತಾ ನಿಮಗೆ? ಅಟ್ಟದಲ್ಲಿ ಬಾವಲಿ ಉಂಟು. ಇದು ಹೀಗೇ ಇದ್ರೆ ನಮಗೆ ಬೇಡ ಮಾರಾಯ್ರೆ.”

ಜೋಯ್ ಇಬ್ಬರ ಮುಖವನ್ನೂ ನೋಡಿ, “ನಲ್ಲ ವೀಡಾಣ್ ಚೇಚೀ,” ಅಂದ. ಒಳ್ಳೆಯ ಮನೆ ಅಕ್ಕಾ ಎಂದು. ನಮಗೆ ನಗು ತಡೆಯಲಾಗಲಿಲ್ಲ.

ಆದರೂ ಮನಸ್ಸು ಅಲ್ಲೇ ಸಿಕ್ಕಿಕೊಂಡಿತು. ಆ ಬಿಸಿಲು ಬೇರೆಲ್ಲೂ ಸಿಕ್ಕಿರಲಿಲ್ಲ. ರಿಪೇರಿ ಮಾಡಿದರೆ ನಿಲ್ಲುವ ಮನೆಯೋ, ಒಳಗಿನಿಂದಲೇ ಕೆಟ್ಟಿದೆಯೋ ಎಂದು ತಿಳಿದವರೊಬ್ಬರು ಮಾಡಿನಿಂದ ಪಾಯದವರೆಗೆ ನೋಡಬೇಕು ಎಂದಾಯಿತು. ಇವರ ಸೋದರಮಾವ ಕೇಶವ ಮಾವ ಕೇರಳದ ರಾಜಧಾನಿಯಲ್ಲಿ, ಪಟ್ಟಂನ ಸರ್ಕಾರಿ ಕಚೇರಿಯೊಂದರಲ್ಲಿ ಇಂಜಿನಿಯರ್ ಆಗಿದ್ದು, ನಿವೃತ್ತರಾಗಿ ಅಲ್ಲೇ ಶ್ರೀಕಾರ್ಯಂನಲ್ಲಿದ್ದರು. ಹಳೆಯ ಕಟ್ಟಡ ಎಂದರೆ ಅವರಿಗೆ ಊಟ ನಿದ್ದೆ ಬೇಡ. ಫೋನು ಮಾಡಿದ ಕೂಡಲೇ ಒಪ್ಪಿದರು.

“ಮಧ್ಯಾಹ್ನದ ಮೇಲೆ ಶುರು ಮಾಡುವ. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಕೂತ್ಕೊಳ್ಬೇಕು,” ಅಂದರು.

“ಕತ್ತಲಲ್ಲಿ ಎಂತ ನೋಡ್ಲಿಕ್ಕುಂಟು ಮಾವ?”

“ನೋಡ್ಲಿಕ್ಕಲ್ಲ, ಕೇಳ್ಲಿಕ್ಕೆ. ಹಗಲಿಡೀ ಕಾದ ಮರ, ಹಂಚು ಹೊತ್ತು ಮುಳುಗಿದ ಮೇಲೆ ತಣೀತದೆ. ಆಗ ಹಂಚು ಹೊರುವ ಪಕ್ಕಾಸು, ತೊಲೆ ಎಲ್ಲ ಸದ್ದು ಮಾಡ್ತದೆ. ಯಾವುದು ಸಡಿಲ ಆಗಿದೆ ಅಂತ ಅದೇ ಹೇಳ್ತದೆ. ಇನ್ನೊಂದು. ನಾನು ಕೆಲಸ ಮಾಡುವಾಗ ಮನೆ ಒಳಗೆ ನಿಂತು ಒಳ್ಳೇದು ಕೆಟ್ಟದು ಮಾತಾಡ್ಬಾರ್ದು. ಮಾತೆಲ್ಲ ಗೇಟಿನ ಹೊರಗೆ. ಗೋಡೆಗೂ ಕಿವಿ ಉಂಟು.”

ಬ್ರೋಕರುಗಳ ಕಿವಿಯ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ.

ಅವರು ಬಂದ ದಿನ ಪಕ್ಕದ ಮನೆಯವರು ಊರಲ್ಲಿರಲಿಲ್ಲ. ಪುಟ್ಟಿಯನ್ನೂ ಕರೆದುಕೊಂಡು ಹೋಗಬೇಕಾಯಿತು. ಜೋಯ್ ಬೀಗ ತೆಗೆದು, ಗೇಟಿನ ಹತ್ತಿರ ಬೀಡಿ ಹಚ್ಚಿ ಕುಳಿತ. ಕೇಶವ ಮಾವ ಚೀಲದಿಂದ ಸುತ್ತಿಗೆ, ನೂಲಿಗೆ ಕಟ್ಟಿದ ತೂಗುಗುಂಡು, ಟಾರ್ಚು ತೆಗೆದು ಹೊರಗೆ ಸಾಲಾಗಿ ಇಟ್ಟುಕೊಂಡರು. ನಾನು ಮುಂಬಾಗಿಲು ದೂಡಿದೆ.

ಬಾಗಿಲು ಹತ್ತಿಯಂತೆ ಸರಿಯಿತು. ನೆಲಕ್ಕೆ ತಾಗಲೇ ಇಲ್ಲ.

ಒಳಗೆ ಕಾಲಿಟ್ಟಾಗ ಇನ್ನೊಂದು ಗಮನಕ್ಕೆ ಬಂತು. ವಾಸನೆ ಇರಲಿಲ್ಲ. ಬಾವಲಿಯ ವಾಸನೆ ಮಾತ್ರ ಅಲ್ಲ, ಯಾವ ವಾಸನೆಯೂ ಇಲ್ಲ... ಮುಚ್ಚಿಟ್ಟ ಮನೆಯ ದೂಳು, ಹಳೆಯ ಮರ, ಸುಣ್ಣ, ಏನೂ ಇಲ್ಲ. ನೀರಿನೊಳಗೆ ಮೂಗಿಟ್ಟ ಹಾಗಿತ್ತು.

ಮೂಡು ಕೋಣೆಗೆ ಹೋದೆವು. ಕೇಶವ ಮಾವ ಹುಬ್ಬೇರಿಸಿ, ಎಲ್ಲಿ ಬಿರುಕು ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ತೋರಿಸಲು ಬೆರಳೆತ್ತಿ ಹಾಗೇ ನಿಂತೆ. ಗೋಡೆ ನುಣ್ಣಗಿತ್ತು. ಅಡಿಗೆ ಕೋಣೆಗೆ ಓಡಿ ಗೋಡೆಯ ಬುಡ ಮುಟ್ಟಿದೆ. ಬೇಸಿಗೆಯ ಬಂಡೆಯ ಹಾಗೆ ಒಣಗಿತ್ತು.

ಇವರನ್ನು ಗೇಟಿಗೆ ಎಳೆದುಕೊಂಡು ಹೋದೆ. ಇವರು ಜೋಯ್‌ಗೆ ಮಲಯಾಳದಲ್ಲಿ, ನೀನು ಮೇಸ್ತ್ರಿ ಕರೆಸಿದೆಯಾ ಎಂದು ಕೇಳಿದರು. ಅವನು ತಬ್ಬಿಬ್ಬಾದ. ನೀವು ಬಂದುಹೋದ ಮೇಲೆ ಬೀಗ ತೆಗೆದದ್ದೇ ಇವತ್ತು, ಯಜಮಾನ ಒಂದು ಕಾಸು ಬಿಚ್ಚುವವನಲ್ಲ ಚೇಚೀ, ಏನು ರಿಪೇರಿ ಎಂದ. ಅವನಿಗೆ ನಾವು ಯಾವ ದೋಷವನ್ನೂ ಹೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಹೇಳಿಕೊಂಡದ್ದೆಲ್ಲ ನಾವು ನಾವೇ, ಕನ್ನಡದಲ್ಲಿ.

ಕೇಶವ ಮಾವ ಅಷ್ಟರಲ್ಲಿ ಮೂಡು ಕೋಣೆಯ ಗೋಡೆಯನ್ನು ಚೂರಿಯಿಂದ ಒಂದಿಷ್ಟು ಕೆರೆದಿದ್ದರು. ಹೊರಗೆ ಬಂದು ಅಂಗೈ ಬಿಡಿಸಿ ಸುಣ್ಣದ ಚಕ್ಕೆ ತೋರಿಸಿದರು.

“ಹೊಸ ಗಾರೆ ಅಲ್ಲ. ಪದರದ ಮೇಲೆ ಪದರ, ಹಳದಿ ಆದ ಹಳೇ ಸುಣ್ಣ. ಇಲ್ಲಿ ಬಿರುಕು ಯಾವತ್ತೂ ಇರ್ಲಿಲ್ಲ.”

“ನಾನೇ ಬೆರಳು ಹಾಕಿ ನೋಡಿದ್ದೇನೆ ಮಾವ. ಇವರೂ ನೋಡಿದ್ದಾರೆ.”

ಅವರು ಸುಣ್ಣದ ಚಕ್ಕೆಯನ್ನು ಕೆಳಗೆ ಕೊಡವಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, “ಅವತ್ತು ಒಳಗೆ ನಿಂತೇ ಹೇಳಿದ್ದಾ?”

“ಹೌದು.”

“ಎಂತೆಲ್ಲ ಹೇಳಿದ್ದು?”

ಹೇಳಿದೆ. ಬಿರುಕು, ಪಸೆ, ಬಾಗಿಲು, ವಾಸನೆ. ಹೇಳುತ್ತಾ ಹೇಳುತ್ತಾ ಇನ್ನೊಂದು ನೆನಪಾಯಿತು. ಮೂಡು ಕೋಣೆಯ ಕಿಟಕಿಯ ಒಂದು ಸರಳು ತುಕ್ಕು ಹಿಡಿದು ಮುರಿದಿತ್ತು, ಅದು ಇವತ್ತೂ ಮುರಿದೇ ಇತ್ತು. ಮೊದಲ ಸಲ ಅದು ಕಣ್ಣಿಗೆ ಬಿದ್ದಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ಹೇಳಿದ್ದು ಮಾತ್ರ ಸರಿಯಾಗಿತ್ತು.

ಅಲ್ಲಿಂದಲೇ ಹೊರಟುಬಿಡಬೇಕಿತ್ತು. ಆದರೆ ಇವರು ಬಿಡಬೇಕಲ್ಲ. “ಸರಿ ಇದ್ರೆ ಒಳ್ಳೇದಲ್ವಾ? ಒಣಗಿದ ಮನೆ ಬೇಕು ಅಂತ ಬಂದವರು ನಾವು. ಮಗುವಿನ ಮುಖ ನೋಡು,” ಅಂದರು. ಪುಟ್ಟಿ ಮೆಟ್ಟಿಲ ಮೇಲೆ ಕುಳಿತಿದ್ದಳು, ಪ್ರಯಾಣದ ದೂಳಿಗೆ ಅವಳ ಎದೆ ಸುಯ್ ಎನ್ನುತ್ತಿತ್ತು. ಅದು ಕೇಳಿದ ಮೇಲೆ ನನ್ನಿಂದಲೂ ಬೇಡ ಎನ್ನಲಾಗಲಿಲ್ಲ. ಕೇಶವ ಮಾವ ನಮ್ಮಿಬ್ಬರನ್ನೂ ನೋಡಿ, ಹಿಡಿದ ಕೆಲಸ ಮುಗಿಸುತ್ತೇನೆ ಎಂದು ಒಳಗೆ ಹೋದರು.

ಹೊತ್ತು ಮುಳುಗುವವರೆಗೂ ಅವರು ಮಾಡದ ಪರೀಕ್ಷೆಯಿಲ್ಲ. ಅಟ್ಟ ಹತ್ತಿ ಒಂದೊಂದು ಪಕ್ಕಾಸಿಗೂ ಚೂರಿಯ ತುದಿ ಚುಚ್ಚಿದರು, ಒರಲೆಯ ಗುರುತಿಲ್ಲ. ಮೂಲೆ ಮೂಲೆಗೆ ತೂಗುಗುಂಡು ಇಳಿಬಿಟ್ಟರು, ಗೋಡೆ ಕೂದಲೆಳೆಯಷ್ಟೂ ವಾಲಿಲ್ಲ. ಸುತ್ತಿಗೆಯಿಂದ ಗೋಡೆ ತಟ್ಟುತ್ತಾ ಬಂದರು. ಟಕ್... ಟಕ್... ಟಕ್... ಹಳೆಯ ಗೋಡೆ ಒಂದು ಕಡೆ ಗಟ್ಟಿ, ಒಂದು ಕಡೆ ಪೊಳ್ಳು ಸದ್ದು ಕೊಡಬೇಕಂತೆ. ಇಲ್ಲಿ ಮನೆಯಿಡೀ ಒಂದೇ ಸದ್ದು. ಅವರು ಮತ್ತೆ ಮೊದಲಿನಿಂದ ತಟ್ಟುತ್ತಾ ಬಂದರು.

ಕತ್ತಲಾಯಿತು. ನಡುಕೋಣೆಯಲ್ಲಿ ಚಾಪೆ ಹಾಸಿ ಎಲ್ಲರೂ ಕುಳಿತೆವು, ತುಟಿ ಪಿಟಕ್ಕೆನ್ನಬೇಡಿ ಎಂದು ಮಾವ ಬಾಯಿಗೆ ಬೆರಳಿಟ್ಟು ತೋರಿಸಿದರು. ಹೊರಗೆ ಜೀರುಂಡೆ, ದೂರದಲ್ಲಿ ಆಲುವ ಸ್ಟೇಷನ್ನಿನಿಂದ ಹೊರಟ ರೈಲು. ಒಳಗೆ...

ಒಳಗೆ ಏನೂ ಇಲ್ಲ. ಒಂದು ತೊಲೆ ಕಿರ್ರೆನ್ನಲಿಲ್ಲ, ಒಂದು ಹಂಚು ಅಲುಗಲಿಲ್ಲ, ಹಲ್ಲಿಯೂ ಲೊಚಗುಟ್ಟಲಿಲ್ಲ. ಆ ಮನೆಯಲ್ಲಿ ಇದ್ದ ಒಂದೇ ಸದ್ದು ನನ್ನ ಮಗಳ ಎದೆಯದು. ಸುಯ್... ಸುಯ್... ಅದನ್ನು ನಾನೊಬ್ಬಳೇ ಕೇಳುತ್ತಿಲ್ಲ ಎಂದು ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ.

“ಅಮ್ಮೇ, ವೀಟ್ಟಿಲ್ ಪೋವಾಂ,” ಅಂದಳು ಪುಟ್ಟಿ ಮೆಲ್ಲಗೆ. ಮನೆಗೆ ಹೋಗೋಣ ಎಂದು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಯಾವಾಗಲೂ ಮಲಯಾಳದಲ್ಲೇ. ನಾನು ಸುಮ್ಮನಿರು ಎಂದು ತಲೆ ಸವರಿದೆ.

ಅಷ್ಟರಲ್ಲಿ ಕರೆಂಟು ಹೋಗಿ ನಡುಕೋಣೆಯ ದೀಪ ಆರಿತು. ಆ ವರ್ಷಗಳಲ್ಲಿ ಸಂಜೆ ಅರ್ಧ ಗಂಟೆ ಕರೆಂಟು ತೆಗೆಯುವುದು ಮಾಮೂಲು, ಹೆದರುವಂಥದ್ದಲ್ಲ. ಆದರೆ ಕೇಶವ ಮಾವ ತಟ್ಟನೆ ಎದ್ದರು. ಟಾರ್ಚು ಬೆಳಗಿಸಿ, ಹೊರಡಿ ಎಂದು ಬೆಳಕನ್ನೇ ಬಾಗಿಲ ಕಡೆ ಬೀಸಿದರು. ಚೀಲ ಕೂಡ ಎತ್ತಿಕೊಳ್ಳಲಿಲ್ಲ. ಮಾತಾಡಬಾರದೆಂಬ ಕಟ್ಟು ಇತ್ತಲ್ಲ, ಯಾರೂ ಯಾರನ್ನೂ ಕರೆಯಲಿಲ್ಲ. ಪುಟ್ಟಿ ಅಪ್ಪನ ಕೈ ಹಿಡಿದಿದ್ದಾಳೆ ಅಂದುಕೊಂಡೆ ನಾನು. ನನ್ನ ಸೆರಗು ಹಿಡಿದಿದ್ದಾಳೆ ಅಂದುಕೊಂಡರು ಇವರು.

ಗೇಟು ದಾಟಿದ ಮೇಲೆ ಮಾವ ಬಾಯಿ ಬಿಟ್ಟರು.

“ಸದಾ, ಈ ಮನೆ ಬೇಡ. ಎಷ್ಟೋ ಹಳೇ ಮನೆ ನೋಡಿದ್ದೇನೆ, ಬಿರುಕಿಲ್ಲದ್ದು ಒಂದೂ ನೋಡಿಲ್ಲ. ನಮ್ಮ ಹಾಗೇ ಅದಕ್ಕೂ ಮೈ ನೋವು, ಸೊಂಟ ನೋವು ಇರ್ತದೆ. ಇದು ಹಾಗಲ್ಲ. ಇದು ನಮ್ಮೆದುರು ಉಸಿರು ಕಟ್ಟಿ...”

ಅವರ ಮಾತು ಮುಗಿಯಲಿಲ್ಲ. ಹಿಂದಿನಿಂದ ಆ ಸದ್ದು ಬಂತು.

ಹೇಗೆ ಹೇಳಲಿ... ತುಂಬ ಹೊತ್ತು ಉಸಿರು ಬಿಗಿಹಿಡಿದವರು ಒಮ್ಮೆಲೇ ಬಿಟ್ಟ ಹಾಗೆ. ಮಾಡಿನ ಅಷ್ಟೂ ಹಂಚುಗಳು ಈ ತುದಿಯಿಂದ ಆ ತುದಿಗೆ ಗಲಗಲ ಅಲುಗಿದವು. ಪಕ್ಕಾಸುಗಳು ಕಿರ್ರ್ ಎಂದವು. ಒಳಗೆಲ್ಲೋ ಬಾಗಿಲೊಂದು ನೆಲಕ್ಕೆ ಉಜ್ಜುತ್ತಾ ಎಳೆದುಕೊಂಡಿತು. ಗೇಟಿನವರೆಗೂ ಗಾಳಿ ಬಂತು, ಅದರ ಜೊತೆ ಬಾವಲಿಯ ಕಮಟು, ಪಸೆ ಹಿಡಿದ ಮಣ್ಣಿನ ವಾಸನೆ. ಜೋಯ್ ಬೀಡಿ ಎಸೆದು ಶಿಲುಬೆಯ ಗುರುತು ಮಾಡಿಕೊಂಡ.

“ಪುಟ್ಟಿ ಎಲ್ಲಿ?” ಅಂದರು ಇವರು.

ತಿರುಗಿ ನೋಡಿದೆ. ನನ್ನ ಸೆರಗಿನ ಹತ್ತಿರ ಯಾರೂ ಇರಲಿಲ್ಲ.

ಮಾವನ ಕೈಯಿಂದ ಟಾರ್ಚು ಕಿತ್ತುಕೊಂಡು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹೊಸ್ತಿಲಿಗೆ ಕಾಲು ತಾಗಿದ್ದೇ ತಡ, ಎಲ್ಲ ಸದ್ದೂ ಒಟ್ಟಿಗೇ ನಿಂತಿತು. ವಾಸನೆಯೂ ಇಲ್ಲ. ನಡುಕೋಣೆಯ ಚಾಪೆ ಖಾಲಿ ಇತ್ತು.

ಅವಳು ಮೂಡು ಕೋಣೆಯಲ್ಲಿದ್ದಳು. ನನಗೆ ಬೆನ್ನು ಹಾಕಿ, ಗೋಡೆಗೆ ಕಿವಿಯಿಟ್ಟು ನಿಂತಿದ್ದಳು. ಟಾರ್ಚಿನ ಬೆಳಕಲ್ಲಿ ಅವಳ ಕಿವಿಯ ಹತ್ತಿರ ಆ ಬಿರುಕು ಕಾಣಿಸಿತು... ಕಿರುಬೆರಳಲ್ಲ, ಈಗ ಮುಷ್ಟಿ ಹೋಗುವಷ್ಟು ಅಗಲ. ನಾನು ಒಂದು ಹೆಜ್ಜೆ ಮುಂದಿಟ್ಟಾಗ ಬೆಳಕು ಅತ್ತಿತ್ತ ಹೋಯಿತು. ಮತ್ತೆ ಗೋಡೆಗೆ ಬಂದಾಗ ಬಿರುಕಿರಲಿಲ್ಲ.

ಪುಟ್ಟಿ ನಿಧಾನಕ್ಕೆ ತಿರುಗಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಂಗಡಿಯವರು ಗಿರಾಕಿಯನ್ನು ಕೇಳುವ ಹಾಗೆ, ಅಚ್ಚ ನಮ್ಮ ಕಾಸರಗೋಡಿನ ಕನ್ನಡದಲ್ಲಿ ಕೇಳಿದಳು,

“ಇನ್ನೆಂತ ಸರಿ ಆಗ್ಬೇಕು ಹೇಳಿ?”

ನನ್ನ ಮಗಳು ನನಗೆ ‘ಹೇಳಿ’ ಎನ್ನುವವಳಲ್ಲ. ಕನ್ನಡದಲ್ಲಿ ಒಂದು ಇಡೀ ಮಾತು ಅವಳ ಬಾಯಿಂದ ಅದುವರೆಗೆ ಬಂದದ್ದೇ ಇಲ್ಲ.

ಆ ಕ್ಷಣದಲ್ಲಿ ಸುಮ್ಮನಿರಬೇಕಿತ್ತು. ಅವಳನ್ನು ಎತ್ತಿಕೊಂಡು ಓಡಬೇಕಿತ್ತು. ಆದರೆ ನಾನು ಅವಳನ್ನು ಅವಚಿಕೊಂಡು, ಅಳುತ್ತಾ, ಯಾವ ತಾಯಿಯ ಬಾಯಿಗೂ ಬರುವ ಮಾತನ್ನೇ ಹೇಳಿಬಿಟ್ಟೆ.

“ಎಂತದೂ ಬೇಡ. ನನ್ನ ಮಗು ಒಂದು ಸರಿ ಆದ್ರೆ ಸಾಕು.”

ಕೋಣೆ ಇನ್ನಷ್ಟು ನಿಶ್ಶಬ್ದವಾಯಿತು. ಯಾಕೆಂದು ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು. ನನ್ನ ಭುಜಕ್ಕೊರಗಿದ ಅವಳ ಎದೆಯಲ್ಲಿ ಸುಯ್ ಎಂಬ ಸದ್ದು ನಿಂತಿತ್ತು.

ಆ ಮನೆ ನಾವು ತೆಗೆದುಕೊಳ್ಳಲಿಲ್ಲ. ಮಾವನ ಚೀಲ ಅಲ್ಲೇ ಉಳಿಯಿತು, ಅವರು ಕೇಳಲಿಲ್ಲ, ಜೋಯ್ ತಂದುಕೊಡಲಿಲ್ಲ. ಬಾಡಿಗೆ ಮನೆ ಬದಲಾಯಿಸಿ ಮೂರನೇ ಮಹಡಿಗೆ ಬಂದೆವು. ಪುಟ್ಟಿಗೆ ದಮ್ಮು ಮತ್ತೆ ಬರಲೇ ಇಲ್ಲ. ದಮ್ಮು ಮಾತ್ರವಲ್ಲ, ನೆಗಡಿ ಇಲ್ಲ, ಜ್ವರ ಇಲ್ಲ. ಬಿದ್ದು ಮೊಣಕಾಲು ತರಚಿಕೊಂಡರೆ ಮಾರನೆಯ ದಿನ ಕಲೆ ಕೂಡ ಕಾಣುವುದಿಲ್ಲ. ಡಾಕ್ಟರು ಎದೆಗೆ ಯಂತ್ರ ಇಟ್ಟು ನೋಡಿ, ಇಷ್ಟು ಸ್ವಚ್ಛ ಎದೆ ನೋಡಿಲ್ಲ ಎಂದು ಖುಷಿಪಟ್ಟರು. ಇವರಿಗಂತೂ ಹಬ್ಬ. ಊರಿಗೆ ಹೋದಾಗ ಅತ್ತೆ, ಮಗು ಎಷ್ಟು ಚಂದ ಕನ್ನಡ ಮಾತಾಡ್ತದೆ ಎಂದು ದೃಷ್ಟಿ ತೆಗೆದರು.

ಕೇಶವ ಮಾವ ಒಂದೇ ಸಲ ಬಂದಿದ್ದರು. ಪುಟ್ಟಿ ನೀರು ತಂದುಕೊಟ್ಟು, ಪಕ್ಕದಲ್ಲಿ ಕುಳಿತಳು. ಮಾವ ಅವಳನ್ನು ನೋಡುತ್ತಲೇ ಇದ್ದರು. ಊಟಕ್ಕೆ ಎಲೆ ಹಾಕಿದ ಮೇಲೆ, ರೈಲಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟರು. ಮೆಟ್ಟಿಲವರೆಗೆ ಹೋಗಿ ಕೇಳಿದೆ, ಏನು ಮಾವ ಎಂದು. “ನನ್ನ ಹತ್ರ ಕೇಳ್ಬೇಡ ವಸಂತಿ,” ಅಂದರು. ಅವರ ಕಣ್ಣಲ್ಲಿ ನೀರಿತ್ತು.

ರಾತ್ರಿ ಅವಳ ಹಾಸಿಗೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಕಣ್ಣು ಮುಚ್ಚಿ ನೆಟ್ಟಗೆ ಮಲಗಿರುತ್ತಾಳೆ. ಎಷ್ಟು ಬಗ್ಗಿ ಕೇಳಿದರೂ ಉಸಿರಿನ ಸದ್ದಿಲ್ಲ. ಕೂದಲಿಗೆ ಮೂಗಿಟ್ಟರೆ ಮಗುವಿನ ವಾಸನೆಯೂ ಇಲ್ಲ. ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ, ನಾನು ಹೋದೆ ಎಂದು ಖಾತ್ರಿಯಾದ ಹಾಗೆ, ಒಳಗಿನಿಂದ ಒಂದು ಉದ್ದನೆಯ ಉಸಿರು ಬರುತ್ತದೆ. ಅದರ ಹಿಂದೆಯೇ ತೀರ ಸಣ್ಣಗೆ... ಸುಯ್... ಸುಯ್... ಬಾಗಿಲು ತೆಗೆದರೆ ನಿಲ್ಲುತ್ತದೆ.

ಆದ್ದರಿಂದ ಈಗ ತೆಗೆಯುವುದಿಲ್ಲ. ಹೊರಗೆ ನೆಲದ ಮೇಲೆ ಕುಳಿತು ಕೇಳುತ್ತೇನೆ. ಆ ಸದ್ದು ನಿಲ್ಲಲಿ ಎಂದು ಹರಕೆ ಹೊತ್ತವಳು ನಾನೇ, ಈಗ ಅದು ಕೇಳುವವರೆಗೆ ನನಗೆ ನಿದ್ದೆಯಿಲ್ಲ. ಅದು ಒಂದೇ ನನ್ನ ಪುಟ್ಟಿಯದು, ಉಳಿದದ್ದು ಯಾರದು ಎಂದು ನನಗೆ ತಿಳಿಯದು. ಇವರು ನಮ್ಮ ಕೋಣೆಯಿಂದ ಕರೆಯುತ್ತಾರೆ, ಇನ್ನೂ ಎಂತ ಮಾಡ್ತಾ ಇದ್ದೀ, ಮಲಗು ಎಂದು.

ಈಚೆಗೆ ಆ ಸದ್ದು ಬಹಳ ದೂರದಿಂದ ಬರುತ್ತಿದೆ. ನಿನ್ನೆ ಬೆಳಗಾಗುವವರೆಗೆ ಕುಳಿತಿದ್ದೆ, ಅದು ಕೇಳಿಸಲಿಲ್ಲ.